ಖಾಲಿ ಕುರ್ಚಿಯ ಹಿಂದಿನ ಕಾರಣ: ಬೇಡಿಕೆಯ ಉದ್ಯೋಗಗಳ ಪಟ್ಟಿಯನ್ನು ಓದುವ ಬಗೆ

(ಉಪನ್ಯಾಸದ ಬರಹ ರೂಪ)

ಒಂದು ಪ್ರದೇಶದಲ್ಲಿ ಯಾವ ಉದ್ಯೋಗಗಳಿಗೆ ಬೇಡಿಕೆಯಿದೆ ಎಂದು ಕೇಳಿದರೆ ಉತ್ತರ ಹೇಳಲು ಇಂದು ಬಹಳ ಮಂದಿ ಸಿದ್ಧರಿದ್ದಾರೆ. ಸರ್ಕಾರಿ ಇಲಾಖೆಗಳು, ನೇಮಕಾತಿ ಸಂಸ್ಥೆಗಳು, ತರಬೇತಿ ಕೇಂದ್ರಗಳು, ಪತ್ರಿಕೆಗಳ ಶಿಕ್ಷಣ ಪುರವಣಿಗಳು ಎಲ್ಲವೂ ವರ್ಷಕ್ಕೊಮ್ಮೆಯಾದರೂ ಒಂದು ಪಟ್ಟಿಯನ್ನು ಹೊರಡಿಸುತ್ತವೆ. ಆ ಪಟ್ಟಿಗಳನ್ನು ನಂಬಿ ವಿದ್ಯಾರ್ಥಿಗಳು ಕೋರ್ಸು ಆರಿಸಿಕೊಳ್ಳುತ್ತಾರೆ, ಹೆತ್ತವರು ಸಾಲ ಮಾಡುತ್ತಾರೆ, ಸರ್ಕಾರಗಳು ಹೊಸ ತರಬೇತಿ ಯೋಜನೆಗಳಿಗೆ ಹಣ ಕೊಡುತ್ತವೆ. ಇಂಥದೇ ಇನ್ನೊಂದು ಪಟ್ಟಿಯನ್ನು ನಿಮ್ಮ ಮುಂದಿಡುವುದು ನನಗೆ ಕಷ್ಟವೇನಲ್ಲ. ಆದರೆ ಅದಕ್ಕಿಂತ ಉಪಯೋಗದ ಕೆಲಸವೆಂದರೆ ಇಂಥ ಪಟ್ಟಿಯ ಒಳಗೆ ಏನಿರುತ್ತದೆ ಎಂಬುದನ್ನು ಬಿಡಿಸಿ ನೋಡುವುದು. ಏಕೆಂದರೆ ಒಂದು ಹುದ್ದೆ ಖಾಲಿಯಿದೆ ಎಂಬ ಸಂಗತಿ ಒಂದೇ ಆದರೂ ಅದು ಖಾಲಿಯಾಗಲು ಕಾರಣಗಳು ಹಲವು. ಕಾರಣ ಬದಲಾದಂತೆ ಆ ಹುದ್ದೆಯನ್ನು ಹುಡುಕಿಕೊಂಡು ಹೋಗುವವನ ಭವಿಷ್ಯವೂ ಬದಲಾಗುತ್ತದೆ.

ಮೊದಲು ಅಂಕಿಗಳ ವಿಷಯ. ‘ಅತಿ ವೇಗವಾಗಿ ಬೆಳೆಯುತ್ತಿರುವ ಉದ್ಯೋಗ’ ಮತ್ತು ‘ಅತಿ ಹೆಚ್ಚು ಜನರಿಗೆ ಕೆಲಸ ಕೊಡಲಿರುವ ಉದ್ಯೋಗ’ ಎರಡೂ ಬೇರೆ ಬೇರೆ. ಪಟ್ಟಿಗಳಲ್ಲಿ ಇವು ಆಗಾಗ ಕಲಸಿಹೋಗುತ್ತವೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಕಚೇರಿ 2023ರಿಂದ 2033ರವರೆಗಿನ ದಶಕಕ್ಕೆ ಮಾಡಿದ ಅಂದಾಜಿನಲ್ಲಿ, ಶೇಕಡಾವಾರು ಬೆಳವಣಿಗೆಯಲ್ಲಿ ಮೊದಲ ಸ್ಥಾನ ಗಾಳಿಯಂತ್ರಗಳ ನಿರ್ವಹಣಾ ತಂತ್ರಜ್ಞರದು: ಸುಮಾರು ಶೇ 60. ಕೇಳಲು ಭರ್ಜರಿಯಾಗಿದೆ. ಆದರೆ 2023ರಲ್ಲಿ ಆ ವೃತ್ತಿಯಲ್ಲಿದ್ದವರು ಇಡೀ ದೇಶದಲ್ಲಿ 11 ಸಾವಿರ ಚಿಲ್ಲರೆ ಮಂದಿ. ಶೇ 60ರ ಬೆಳವಣಿಗೆಯೆಂದರೆ ಹತ್ತು ವರ್ಷದಲ್ಲಿ ಹೆಚ್ಚುವರಿಯಾಗಿ 7 ಸಾವಿರದಷ್ಟು ಹುದ್ದೆಗಳು. ಅದೇ ಅಂದಾಜಿನ ಪ್ರಕಾರ, ಮನೆಗಳಿಗೆ ಹೋಗಿ ವೃದ್ಧರನ್ನೂ ಅಶಕ್ತರನ್ನೂ ನೋಡಿಕೊಳ್ಳುವ ಆರೈಕೆ ಸಹಾಯಕರ ಹುದ್ದೆಗಳು ಸುಮಾರು ಶೇ 21ರಷ್ಟು ಮಾತ್ರ ಹೆಚ್ಚುತ್ತವೆ. ಎಣಿಸಿದರೆ ಅವು 8 ಲಕ್ಷಕ್ಕೂ ಹೆಚ್ಚು. ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಹೊರಡಿಸಿದ ವರದಿಯಲ್ಲೂ ಇದೇ ಚಿತ್ರವಿದೆ. 2030ರ ಹೊತ್ತಿಗೆ ಜಗತ್ತಿನಲ್ಲಿ 17 ಕೋಟಿ ಹೊಸ ಉದ್ಯೋಗಗಳು ಹುಟ್ಟಿ 9.2 ಕೋಟಿ ಉದ್ಯೋಗಗಳು ಇಲ್ಲವಾಗುತ್ತವೆ ಎಂದು ಅದು ಅಂದಾಜಿಸುತ್ತದೆ. ವೇಗದ ಲೆಕ್ಕದಲ್ಲಿ ಮುಂದಿರುವವರು ದತ್ತಾಂಶ ತಜ್ಞರು, ಕೃತಕ ಬುದ್ಧಿಮತ್ತೆಯ ತಜ್ಞರು. ತಲೆಯೆಣಿಕೆಯಲ್ಲಿ ಮುಂದಿರುವವರು ಕೃಷಿ ಕೆಲಸಗಾರರು, ಸರಕು ತಲುಪಿಸುವ ಚಾಲಕರು, ಕಟ್ಟಡ ಕೆಲಸಗಾರರು, ಅಂಗಡಿಗಳ ಮಾರಾಟ ಸಿಬ್ಬಂದಿ. ಸುದ್ದಿಯ ಶೀರ್ಷಿಕೆಗಳಲ್ಲಿ ಯಾವ ಪಟ್ಟಿ ಕಾಣಿಸಿಕೊಂಡಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಬೆಳವಣಿಗೆಗೂ ಮರುಭರ್ತಿಗೂ ಇರುವ ವ್ಯತ್ಯಾಸ. ಈಗ ಹೇಳಿದ ಅಮೆರಿಕದ ಅಂದಾಜನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ, ಆ ದೇಶದಲ್ಲಿ ಪ್ರತಿವರ್ಷ ಸರಾಸರಿ 1.8 ಕೋಟಿಗೂ ಹೆಚ್ಚು ಅವಕಾಶಗಳು ತೆರೆದುಕೊಳ್ಳುತ್ತವೆ. ಆದರೆ ಒಟ್ಟು ಉದ್ಯೋಗಗಳಲ್ಲಿ ನಿಜವಾಗಿ ಹೆಚ್ಚುವುದು ವರ್ಷಕ್ಕೆ 7 ಲಕ್ಷಕ್ಕಿಂತ ಕಡಿಮೆ. ಉಳಿದವೆಲ್ಲ ನಿವೃತ್ತರಾದವರು, ವೃತ್ತಿ ಬದಲಿಸಿದವರು, ಓದಿಗೋ ಮನೆಯ ಹೊಣೆಗೋ ಕೆಲಸ ಬಿಟ್ಟವರು ತೆರವು ಮಾಡಿದ ಜಾಗಗಳು. ಇದರ ಪರಿಣಾಮ ವಿಚಿತ್ರವಾದದ್ದು. ಒಟ್ಟಾರೆ ಕುಗ್ಗುತ್ತಿರುವ ವೃತ್ತಿಯಲ್ಲೂ ವರ್ಷಾನುವರ್ಷ ನೇಮಕಾತಿ ನಡೆಯುತ್ತಲೇ ಇರಬಹುದು. ಒಂದು ಕಾರ್ಖಾನೆಯ ಯಂತ್ರ ನಿರ್ವಾಹಕರಲ್ಲಿ ಅರ್ಧದಷ್ಟು ಜನ ಮುಂದಿನ ಹತ್ತು ವರ್ಷಗಳಲ್ಲಿ ನಿವೃತ್ತರಾಗುತ್ತಾರೆ ಎಂದಿಟ್ಟುಕೊಳ್ಳಿ. ಮಾಲೀಕರು ಹುದ್ದೆಗಳನ್ನು ಕಾಲುಭಾಗ ಇಳಿಸಿದರೂ ಉಳಿದ ಕಾಲುಭಾಗಕ್ಕೆ ಹೊಸಬರು ಬೇಕೇ ಬೇಕು. ‘ಆ ಕೆಲಸಕ್ಕೆ ಭವಿಷ್ಯವಿಲ್ಲ’ ಎಂದು ಎಲ್ಲರೂ ದೂರ ಸರಿದ ಕಾರಣಕ್ಕೇ ಅಂಥ ಕಡೆ ಕೈಗೆ ಕಸುಬಿರುವವರು ಸಿಗದೆ, ಇರುವ ಕೆಲವರಿಗೆ ಒಳ್ಳೆಯ ಸಂಬಳ ಸಿಗುವುದೂ ಉಂಟು. ವಯಸ್ಸಾದ ಕಸುಬುದಾರರಿಂದಲೇ ತುಂಬಿರುವ ವೃತ್ತಿಗಳನ್ನು ಯಾವ ಪುರವಣಿಯೂ ಬಣ್ಣದ ಪುಟದಲ್ಲಿ ಹಾಕುವುದಿಲ್ಲ. ನನ್ನ ದೃಷ್ಟಿಯಲ್ಲಿ ಅವೇ ಹೆಚ್ಚು ಗಮನಿಸಬೇಕಾದವು.

ಮರುಭರ್ತಿಗೆ ಇನ್ನೊಂದು ಮುಖವಿದೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕೆಲವು ಹುದ್ದೆಗಳು ಸದಾ ಖಾಲಿಯಿರುವುದು ಅಲ್ಲಿ ಯಾರೂ ನಿಲ್ಲದೆ ಇರುವುದರಿಂದ. ನೂರು ಜನ ದುಡಿಯುವ ಎರಡು ಸಂಸ್ಥೆಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ವರ್ಷಕ್ಕೆ ಐದು ಮಂದಿ ಹೊರಹೋಗುತ್ತಾರೆ, ಸಂಸ್ಥೆ ಬೆಳೆಯುತ್ತಿರುವುದರಿಂದ ಇನ್ನೈದು ಹೊಸ ಹುದ್ದೆಗಳೂ ಹುಟ್ಟುತ್ತವೆ. ಅದು ಹತ್ತು ಜಾಹೀರಾತು ಹಾಕುತ್ತದೆ. ಎರಡನೆಯದು ಒಂದಿಷ್ಟೂ ಬೆಳೆಯುತ್ತಿಲ್ಲ, ಆದರೆ ಅರ್ಧದಷ್ಟು ಜನ ವರ್ಷ ತುಂಬುವ ಮೊದಲೇ ಬಿಟ್ಟುಹೋಗುತ್ತಾರೆ. ಅದು ಐವತ್ತು ಜಾಹೀರಾತು ಹಾಕುತ್ತದೆ. ಜಾಹೀರಾತುಗಳನ್ನು ಎಣಿಸಿ ಪಟ್ಟಿ ಮಾಡುವವರ ಕಣ್ಣಿಗೆ ಎರಡನೆಯ ಸಂಸ್ಥೆಯ ಕೆಲಸಕ್ಕೆ ಐದು ಪಟ್ಟು ಹೆಚ್ಚು ಬೇಡಿಕೆ. ತೂತು ಬಿದ್ದ ಕೊಡಕ್ಕೆ ದಿನವಿಡೀ ನೀರು ಹೊರುವವನನ್ನು ನೋಡಿ ಈ ಮನೆಯಲ್ಲಿ ನೀರಿನ ಬಳಕೆ ಜಾಸ್ತಿ ಎಂದಂತೆ ಇದು. 2021 ಮತ್ತು 2022ರಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. 2021ರ ನವೆಂಬರ್ ಒಂದರಲ್ಲೇ ಸುಮಾರು 45 ಲಕ್ಷ ಜನ ಸ್ವಇಚ್ಛೆಯಿಂದ ಕೆಲಸ ಬಿಟ್ಟರು. 2022ರ ಮಾರ್ಚ್ ವೇಳೆಗೆ ಖಾಲಿ ಹುದ್ದೆಗಳು 1.2 ಕೋಟಿಯ ಆಸುಪಾಸಿನಲ್ಲಿದ್ದು, ಪ್ರತಿ ನಿರುದ್ಯೋಗಿಗೆ ಹೆಚ್ಚು ಕಡಿಮೆ ಎರಡು ಹುದ್ದೆಗಳಿದ್ದವು. ಹೋಟೆಲು, ವಸತಿಗೃಹಗಳ ವಲಯದಲ್ಲಿ ಕೆಲಸ ಬಿಡುವವರ ಪ್ರಮಾಣ ಒಟ್ಟಾರೆ ಪ್ರಮಾಣದ ಸುಮಾರು ಎರಡು ಪಟ್ಟಿತ್ತು. ಅಲ್ಲಿ ಬಾಗಿಲ ಬಳಿ ತೂಗುಹಾಕಿದ ‘ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಫಲಕಗಳಲ್ಲಿ ಹೊಸ ಬೆಳವಣಿಗೆಗಿಂತ ಈ ಓಡಾಟದ ಪಾಲೇ ದೊಡ್ಡದು. ಆದ್ದರಿಂದ ಯಾವುದೇ ಉದ್ಯೋಗಕ್ಕೆ ಬೇಡಿಕೆಯಿದೆ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಆ ಕೆಲಸಕ್ಕೆ ಸೇರಿದವರು ಅಲ್ಲಿ ಎಷ್ಟು ಕಾಲ ಉಳಿಯುತ್ತಾರೆ ಎಂಬುದು.

ಇನ್ನು ‘ಕೊರತೆ’ಯ ಮಾತು. ಬೇಕಾದ ಜನ ಸಿಗುತ್ತಿಲ್ಲ ಎಂದು ಉದ್ಯೋಗದಾತರು ಹೇಳಿದಾಗ ಆ ಮಾತಿನ ಕೊನೆಗೆ ‘ನಾವು ಕೊಡಲು ಸಿದ್ಧವಿರುವ ಸಂಬಳಕ್ಕೆ’ ಎಂಬ ಪದಗಳನ್ನು ನಾವೇ ಸೇರಿಸಿಕೊಂಡು ಓದಬೇಕಾಗುತ್ತದೆ. ನಿಜವಾದ ಕೊರತೆಯಿರುವ ಕಡೆ ಕಾಲಕ್ರಮದಲ್ಲಿ ಸಂಬಳ ಏರಬೇಕು. ಸಂಬಳ ಏರದೆ ಕೂಗು ಮಾತ್ರ ಏರುತ್ತಿದ್ದರೆ ಸಂಶಯಪಡುವುದು ತಪ್ಪಲ್ಲ. ಇದನ್ನು ಗಂಭೀರವಾಗಿ ಅಳೆಯಲು ಹೊರಟ ಸಂಸ್ಥೆಗಳಿವೆ. ಯಾವ ಕೆಲಸಗಳಿಗೆ ಹೊರದೇಶದವರನ್ನು ಕರೆಸಬೇಕೆಂದು ಸರ್ಕಾರಕ್ಕೆ ಸಲಹೆ ಕೊಡಲು ಬ್ರಿಟನ್ನಿನಲ್ಲಿ 2007ರಲ್ಲಿ ರಚನೆಯಾದ ವಲಸೆ ಸಲಹಾ ಸಮಿತಿ, ಉದ್ಯೋಗದಾತರ ಹೇಳಿಕೆಯೊಂದನ್ನೇ ನೆಚ್ಚದೆ, ಕೊರತೆಯನ್ನು ಸಂಬಳದ ಏರಿಳಿತ ಮುಂತಾದ ಅಂಕಿಗಳಿಂದಲೂ ಪರೀಕ್ಷಿಸುವ ಕ್ರಮವನ್ನು ರೂಢಿಗೆ ತಂದಿತು. ಜರ್ಮನಿಯ ಕೇಂದ್ರ ಉದ್ಯೋಗ ಸಂಸ್ಥೆ ಪ್ರತಿವರ್ಷ ಮಾಡುವ ಕೊರತೆಯ ವಿಶ್ಲೇಷಣೆಯಲ್ಲಿ ಆರು ಅಳತೆಗೋಲುಗಳಿವೆ: ಹುದ್ದೆ ಎಷ್ಟು ದಿನ ಖಾಲಿ ಉಳಿಯಿತು, ಒಂದು ಹುದ್ದೆಗೆ ಎಷ್ಟು ಜನ ಅರಸುತ್ತಿದ್ದಾರೆ, ಆ ವೃತ್ತಿಯಲ್ಲಿ ನಿರುದ್ಯೋಗ ಎಷ್ಟು, ಕೆಲಸ ಕಳೆದುಕೊಂಡವರು ಎಷ್ಟು ಬೇಗ ಮತ್ತೆ ಕೆಲಸ ಹಿಡಿಯುತ್ತಾರೆ, ವಿದೇಶಿ ಕೆಲಸಗಾರರ ಪಾಲು ಹೇಗೆ ಬದಲಾಗಿದೆ, ಸಂಬಳ ಹೇಗೆ ಏರಿದೆ. ಇವುಗಳಲ್ಲಿ ಒಂದೊಂದೂ ತಪ್ಪುದಾರಿಗೆ ಎಳೆಯಬಹುದು, ಆರೂ ಒಂದೇ ದಿಕ್ಕಿಗೆ ಕೈ ತೋರಿಸಿದರೆ ಮಾತ್ರ ಅದು ಕೊರತೆಯೆನ್ನಲು ಗಟ್ಟಿಯಾದ ಆಧಾರ.

ಸಂಬಳ ಏರದಿರುವುದಕ್ಕೆ ಒಂದು ಪ್ರಾದೇಶಿಕ ಕಾರಣವೂ ಇದೆ. ಇದನ್ನು 1933ರಲ್ಲೇ ಜೋನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞೆ ವಿವರಿಸಿದ್ದರು. ಒಂದು ಸರಕನ್ನು ಮಾರುವವನು ಒಬ್ಬನೇ ಆದಾಗ ಬೆಲೆ ಅವನ ಕೈಯಲ್ಲಿರುವಂತೆ, ದುಡಿಮೆಯನ್ನು ಕೊಳ್ಳುವವನು ಒಬ್ಬನೇ ಆದಾಗ ಕೂಲಿ ಅವನ ಕೈಯಲ್ಲಿರುತ್ತದೆ. ಒಂದು ಜಿಲ್ಲೆಯಷ್ಟು ವಿಸ್ತಾರದಲ್ಲಿ ದೊಡ್ಡ ಆಸ್ಪತ್ರೆ ಒಂದೇ ಇದ್ದರೆ ಅಲ್ಲಿನ ದಾದಿಯರಿಗೆ ಬೇರೆ ಬಾಗಿಲಿಲ್ಲ. ಆಸ್ಪತ್ರೆಯಲ್ಲಿ ಹುದ್ದೆಗಳು ಖಾಲಿ ಬಿದ್ದಿದ್ದರೂ ಸಂಬಳ ನಿಂತಲ್ಲೇ ನಿಂತಿರಬಹುದು, ಏಕೆಂದರೆ ಹೊಸಬಳಿಗೆ ಹೆಚ್ಚು ಕೊಟ್ಟರೆ ಈಗಿರುವವರಿಗೆಲ್ಲ ಏರಿಸಬೇಕಾಗುತ್ತದೆ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಹೊಸ ಜೀವ ಕೊಟ್ಟಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತ್ತು, ಪಕ್ಕದ ಪೆನ್ಸಿಲ್ವೇನಿಯ ಏರಿಸಿರಲಿಲ್ಲ. ಎರಡೂ ಕಡೆಯ ತ್ವರಿತ ಆಹಾರದ ಹೋಟೆಲುಗಳನ್ನು ಹೋಲಿಸಿ ನೋಡಿದಾಗ, ಕೂಲಿ ಏರಿದ ಕಡೆ ಕೆಲಸಗಳು ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಆ ಅಧ್ಯಯನದ ಬಗ್ಗೆ ವಾದವಿವಾದಗಳು ಮುಗಿದಿಲ್ಲವಾದರೂ, ಕೂಲಿ ಹೇಗೆ ನಿರ್ಧಾರವಾಗುತ್ತದೆ ಎಂಬುದರಲ್ಲಿ ಮಾಲೀಕರ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾತಾಡುವುದು ಆಮೇಲೆ ಸುಲಭವಾಗಲಿಲ್ಲ.

ಆಸ್ಪತ್ರೆಯ ಮಾತು ಬಂದದ್ದರಿಂದ ಅಗತ್ಯಕ್ಕೂ ಬೇಡಿಕೆಗೂ ಇರುವ ಅಂತರವನ್ನು ಇಲ್ಲೇ ಹೇಳಿಬಿಡುತ್ತೇನೆ. 2030ರ ವೇಳೆಗೆ ಜಗತ್ತಿಗೆ ಸುಮಾರು 1.1 ಕೋಟಿ ಆರೋಗ್ಯ ಸಿಬ್ಬಂದಿಯ ಕೊರತೆ ಬೀಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದರಲ್ಲಿ ಹೆಚ್ಚಿನ ಪಾಲು ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳದು. ಅದೇ ದೇಶಗಳಲ್ಲಿ ತರಬೇತಿ ಪಡೆದ ದಾದಿಯರೂ ವೈದ್ಯರೂ ಕೆಲಸವಿಲ್ಲದೆ ಕುಳಿತಿರುವುದೂ ಉಂಟು. ಇದರಲ್ಲಿ ವಿರೋಧವೇನಿಲ್ಲ. ರೋಗಿಗಳಿಗೆ ದಾದಿಯರ ಅಗತ್ಯವಿದೆ, ಆದರೆ ಹುದ್ದೆ ಮಂಜೂರು ಮಾಡಿ ಸಂಬಳ ಕೊಡಲು ಹಣವಿಲ್ಲ. ಮಾರುಕಟ್ಟೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಹಣದ ಬೆಂಬಲವಿರುವ ಅಗತ್ಯವನ್ನು ಮಾತ್ರ. ಶಿಕ್ಷಕರ ವಿಷಯದಲ್ಲೂ ಇದು ಹೀಗೆಯೇ: ಶಾಲೆಯಲ್ಲಿ ಮಕ್ಕಳು ಹೆಚ್ಚಿದ್ದಾರೆ ಎಂಬುದರಿಂದ ಹುದ್ದೆ ಹುಟ್ಟುವುದಿಲ್ಲ, ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು.

‘ಪ್ರದೇಶ’ ಎಂದು ಇಷ್ಟು ಹೊತ್ತು ಹೇಳುತ್ತ ಬಂದೆ. ಅದರ ಗಡಿ ಯಾವುದು? ಆಡಳಿತದ ನಕ್ಷೆಯಲ್ಲಿರುವ ಗೆರೆಗಳು ಉದ್ಯೋಗ ಮಾರುಕಟ್ಟೆಯ ಗಡಿಗಳಲ್ಲ. ಬೆಳಗ್ಗೆ ಮನೆ ಬಿಟ್ಟು ಸಂಜೆ ಮನೆ ಸೇರುವಷ್ಟು ದೂರದಲ್ಲಿ ಸಿಗುವ ಕೆಲಸಗಳೇ ಒಬ್ಬ ಮನುಷ್ಯನ ಮಾರುಕಟ್ಟೆ. ಬ್ರಿಟನ್ನಿನ ಅಂಕಿಅಂಶ ಇಲಾಖೆ ಈ ವಿಚಾರವನ್ನು ಹಿಡಿದೇ ದೇಶವನ್ನು ವಿಂಗಡಿಸಿದೆ: ಒಂದು ವಲಯದಲ್ಲಿ ವಾಸಿಸುವ ದುಡಿಮೆಗಾರರಲ್ಲಿ ಸಾಮಾನ್ಯವಾಗಿ ಶೇ 75ರಷ್ಟು ಜನ ಅಲ್ಲೇ ಕೆಲಸ ಮಾಡುತ್ತಿರಬೇಕು, ಅಲ್ಲಿ ಕೆಲಸ ಮಾಡುವವರಲ್ಲಿ ಶೇ 75ರಷ್ಟು ಜನ ಅಲ್ಲೇ ವಾಸಿಸುತ್ತಿರಬೇಕು. 2011ರ ಜನಗಣತಿಯ ಆಧಾರದ ಮೇಲೆ ಹೀಗೆ 228 ವಲಯಗಳಾದವು. ಆದರೆ ಇದೂ ಸರಾಸರಿಯೇ. ಸ್ವಂತ ವಾಹನವಿರುವ ಎಂಜಿನಿಯರನ ವಲಯ ದೊಡ್ಡದು. ಬಸ್ಸನ್ನು ನೆಚ್ಚಿದವನದು ಚಿಕ್ಕದು. ಮಗುವನ್ನು ಶಾಲೆಯಿಂದ ಕರೆತರುವ ಹೊಣೆ ಹೊತ್ತ ತಾಯಿಯದು ಇನ್ನೂ ಚಿಕ್ಕದು. ಒಂದೇ ಬೀದಿಯ ಮೂವರು ಮೂರು ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಕೆಲಸ ಹುಡುಕುತ್ತಿರುತ್ತಾರೆ. ಒಂದು ಹೊಸ ಬಸ್ ಮಾರ್ಗವೋ ಶಿಶುವಿಹಾರವೋ ಯಾವ ಕೌಶಲ ತರಬೇತಿಯೂ ಮಾಡದ ಕೆಲಸವನ್ನು ಮಾಡುವುದು ಇದರಿಂದಲೇ.

ಒಂದು ಕಡೆ ಕೆಲಸ ಇಲ್ಲದಿದ್ದರೆ ಜನ ಇನ್ನೊಂದು ಕಡೆಗೆ ಹೋಗುತ್ತಾರಲ್ಲ ಎಂಬ ವಾದವುಂಟು. 1992ರಲ್ಲಿ ಒಲಿವಿಯೆ ಬ್ಲಾಂಶಾರ್ ಮತ್ತು ಲಾರೆನ್ಸ್ ಕಾಟ್ಜ್ ಅಮೆರಿಕದ ರಾಜ್ಯಗಳ ಅಂಕಿಗಳನ್ನು ಪರಿಶೀಲಿಸಿ, ಒಂದು ರಾಜ್ಯಕ್ಕೆ ಬಿದ್ದ ಹೊಡೆತದಿಂದ ಹೆಚ್ಚಿದ ನಿರುದ್ಯೋಗ ಐದರಿಂದ ಏಳು ವರ್ಷಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಅದಕ್ಕೆ ಮುಖ್ಯ ಕಾರಣ ಕೆಲಸಗಾರರು ಊರು ಬಿಡುವುದು ಎಂದು ತೋರಿಸಿದರು. ಅಂದರೆ ನಿರುದ್ಯೋಗ ದರ ಇಳಿದದ್ದು ಆ ಪ್ರದೇಶ ಚೇತರಿಸಿಕೊಂಡಿತು ಎಂಬುದರ ಗುರುತಲ್ಲ. ಎಣಿಸಲು ಜನ ಉಳಿದಿಲ್ಲ ಎಂಬುದರ ಗುರುತೂ ಆಗಬಹುದು. ಮುಂದೆ 2013ರಲ್ಲಿ ಡೇವಿಡ್ ಆಟರ್, ಡೇವಿಡ್ ಡಾರ್ನ್ ಮತ್ತು ಗಾರ್ಡನ್ ಹ್ಯಾನ್ಸನ್ ಅಮೆರಿಕದ 722 ಸ್ಥಳೀಯ ಉದ್ಯೋಗ ವಲಯಗಳನ್ನು ತೆಗೆದುಕೊಂಡು, 1990ರಿಂದ 2007ರವರೆಗೆ ಚೀನಾದ ಆಮದಿನಿಂದ ಕಾರ್ಖಾನೆಯ ಕೆಲಸಗಳಿಗೆ ಬಿದ್ದ ಪೆಟ್ಟನ್ನು ಅಳೆದಾಗ ಚಿತ್ರ ಇನ್ನೂ ಕಠೋರವಾಗಿ ಕಂಡಿತು. ಪೆಟ್ಟು ತಿಂದ ಕಡೆಗಳಿಂದ ಜನ ನಿರೀಕ್ಷೆಯಷ್ಟು ಹೊರಹೋಗಿರಲಿಲ್ಲ. ಹಲವರು ಅಲ್ಲೇ ಉಳಿದು ಕೆಲಸ ಹುಡುಕುವುದನ್ನೇ ಬಿಟ್ಟಿದ್ದರು. ಕೆಲಸ ಹುಡುಕುವುದನ್ನು ಬಿಟ್ಟವನು ನಿರುದ್ಯೋಗಿಗಳ ಲೆಕ್ಕದಲ್ಲಿ ಬರುವುದಿಲ್ಲ, ಏಕೆಂದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆಯಂತೆ ನಿರುದ್ಯೋಗಿಯೆನಿಸಿಕೊಳ್ಳಲು ಕೆಲಸವಿಲ್ಲದಿದ್ದರೆ ಸಾಲದು, ಕೆಲಸ ಅರಸುತ್ತಿರಬೇಕು, ಸಿಕ್ಕರೆ ಮಾಡಲು ಸಿದ್ಧನಿರಬೇಕು.

ಪಟ್ಟಿಗಳ ಕಣ್ಣಿಗೆ ಬೀಳದ ಕೆಲಸಗಳೂ ಇವೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1970ರ ಆಸುಪಾಸಿನಲ್ಲಿ ಅಮೆರಿಕದ ಒಂದು ಪಟ್ಟಣದ ವೃತ್ತಿಪರರನ್ನು ಕೇಳಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ಅದರಲ್ಲೂ ಅಪರೂಪಕ್ಕೆ ಭೇಟಿಯಾಗುವ ಪರಿಚಿತರ ಪಾತ್ರ ದೊಡ್ಡದಾಗಿತ್ತು. ಜಗತ್ತಿನಲ್ಲಿ ದುಡಿಯುವವರಲ್ಲಿ ಶೇ 60ಕ್ಕೂ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ ಅನೌಪಚಾರಿಕ ವಲಯದಲ್ಲಿ, ಎಂದರೆ ಕಾನೂನಿನ ರಕ್ಷಣೆಯಿಲ್ಲದ ಕೆಲಸಗಳಲ್ಲಿ ಇದ್ದಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಲೆಕ್ಕ ಹಾಕಿತ್ತು. ಗಾರೆ ಕೆಲಸದವನನ್ನು ಯಾರೂ ಜಾಲತಾಣದಲ್ಲಿ ಅರ್ಜಿ ಹಾಕಿಸಿ ಕರೆಯುವುದಿಲ್ಲ. ಇತ್ತ ಜಾಲತಾಣಗಳಲ್ಲಿರುವ ಜಾಹೀರಾತುಗಳಲ್ಲಿ ಒಂದೇ ಹುದ್ದೆ ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ, ಭರ್ತಿಯಾದ ಹುದ್ದೆ ತಿಂಗಳುಗಟ್ಟಲೆ ಅಳಿಸದೆ ಉಳಿಯುತ್ತದೆ. ಇವನ್ನು ಯಂತ್ರದಿಂದ ಎಣಿಸಿ ಮಾಡಿದ ಪಟ್ಟಿಗೆ ಓದಿದವರ, ಕಚೇರಿಗಳ, ದೊಡ್ಡ ಊರುಗಳ ಕಡೆಗೆ ಒಲವು ಇದ್ದೇ ಇರುತ್ತದೆ.

ಕೊನೆಯದಾಗಿ ಕಾಲದ ಪ್ರಶ್ನೆ. ಇಂದಿನ ಬೇಡಿಕೆಯನ್ನು ನೋಡಿ ನಾಲ್ಕು ವರ್ಷದ ಕೋರ್ಸಿಗೆ ಸೇರುವವನು ಮಾರುಕಟ್ಟೆಗೆ ಬರುವುದು ನಾಲ್ಕು ವರ್ಷದ ನಂತರ. ಅವನ ಜೊತೆಗೆ ಅದೇ ಪಟ್ಟಿ ಓದಿದವರೆಲ್ಲರೂ ಬರುತ್ತಾರೆ. ಆಗ ಸಂಬಳ ಕುಸಿಯುತ್ತದೆ, ಅದನ್ನು ಕಂಡು ಮುಂದಿನ ತಂಡ ಬೇರೆ ಕಡೆ ಹೋಗುತ್ತದೆ, ಅವರು ಹೊರಬರುವ ಹೊತ್ತಿಗೆ ಮೊದಲಿನ ವೃತ್ತಿಯಲ್ಲಿ ಮತ್ತೆ ಕೊರತೆ. ಬೆಳೆಯ ಬೆಲೆ ಮತ್ತು ಬಿತ್ತನೆಯ ನಡುವೆ ಕೃಷಿ ಅರ್ಥಶಾಸ್ತ್ರಜ್ಞರು ಗುರುತಿಸಿದ್ದ ಈ ಸುತ್ತನ್ನು ರಿಚರ್ಡ್ ಫ್ರೀಮನ್ 1976ರಲ್ಲಿ ಹೊಸ ಎಂಜಿನಿಯರುಗಳ ಪೂರೈಕೆ ಮತ್ತು ಆರಂಭಿಕ ಸಂಬಳದಲ್ಲಿ ತೋರಿಸಿಕೊಟ್ಟರು. ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಪೆಟ್ರೋಲಿಯಂ ಎಂಜಿನಿಯರಿಂಗ್ ನೋಡಬಹುದು. 2014ರ ಮಧ್ಯಭಾಗದವರೆಗೆ ಪೀಪಾಯಿಗೆ 100 ಡಾಲರಿನ ಮೇಲಿದ್ದ ಕಚ್ಚಾ ತೈಲದ ಬೆಲೆ 2016ರ ಆರಂಭದಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ಏರುಬೆಲೆಯ ಕಾಲದಲ್ಲಿ ಸೇರಿದ್ದ ದೊಡ್ಡ ತಂಡ ಅಮೆರಿಕದ ಕಾಲೇಜುಗಳಿಂದ ಹೊರಬಿದ್ದದ್ದು ಕಂಪನಿಗಳು ಇದ್ದವರನ್ನೇ ಕಳಿಸುತ್ತಿದ್ದ ಹೊತ್ತಿನಲ್ಲಿ. ಒಂದೇ ಉದ್ಯಮವನ್ನು ನೆಚ್ಚಿದ ಪ್ರದೇಶದಲ್ಲಿ ಈ ಏರಿಳಿತ ಆ ಉದ್ಯಮಕ್ಕಷ್ಟೇ ನಿಲ್ಲುವುದಿಲ್ಲ. ಹೊರಗಿನ ಮಾರುಕಟ್ಟೆಗೆ ಮಾರುವ ಕೆಲಸಗಳು ಊರಿನೊಳಗೆ ಬೇರೆ ಕೆಲಸಗಳನ್ನು ಹುಟ್ಟಿಸುತ್ತವೆ. ಅಮೆರಿಕದ ನಗರಗಳಲ್ಲಿ ಉನ್ನತ ತಂತ್ರಜ್ಞಾನದ ಒಂದು ಹುದ್ದೆ ಕಾಲಾಂತರದಲ್ಲಿ ಸ್ಥಳೀಯ ಸೇವೆಗಳಲ್ಲಿ ಸುಮಾರು ಐದು ಹುದ್ದೆಗಳಿಗೆ ದಾರಿ ಮಾಡುತ್ತದೆ ಎಂದು ಎನ್ರಿಕೊ ಮೊರೆಟ್ಟಿ ಅಂದಾಜಿಸಿದ್ದಾರೆ. ಆ ಐದರಲ್ಲಿ ವಕೀಲ, ಶಿಕ್ಷಕನಂಥವರೂ ಇದ್ದಾರೆ, ಕ್ಷೌರಿಕ, ಬಡಗಿಯಂಥವರೂ ಇದ್ದಾರೆ. ಇಳಿಗಾಲದಲ್ಲಿ ಈ ಲೆಕ್ಕ ತಿರುಗಿ ಬೀಳುತ್ತದೆ.

ಹಾಗಾದರೆ ಮುಂದಿನದನ್ನು ಹೇಳಲು ಯಾವ ಆಧಾರವೂ ಇಲ್ಲವೇ ಎಂದರೆ, ಒಂದು ಇದೆ: ಜನಸಂಖ್ಯೆಯ ವಯಸ್ಸು. ಹತ್ತು ವರ್ಷದ ನಂತರ ಎಪ್ಪತ್ತು ತುಂಬುವವರು ಈಗಾಗಲೇ ಅರವತ್ತರಲ್ಲಿದ್ದಾರೆ, ಅವರನ್ನು ಇಂದೇ ಎಣಿಸಬಹುದು. ಆರೈಕೆ, ದಾದಿಯರ ಕೆಲಸ, ಫಿಸಿಯೋಥೆರಪಿ ಇವುಗಳ ಅಗತ್ಯ ಹೆಚ್ಚುವುದು ಬಹುತೇಕ ಖಚಿತ. ಖಚಿತವಲ್ಲದ್ದು ಅದಕ್ಕೆ ಹಣ ಕೊಡುವವರು ಯಾರು ಎಂಬುದು. ಹಾಗೆಯೇ ವಿದ್ಯುತ್ ಕೆಲಸ, ಕೊಳಾಯಿ, ಯಂತ್ರಗಳ ದುರಸ್ತಿ ಇವನ್ನು ದೂರದಿಂದ ಮಾಡಿಸಲಾಗುವುದಿಲ್ಲ, ಕಸುಬುದಾರರೇ ಸ್ಥಳಕ್ಕೆ ಬರಬೇಕು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಕೃತಕ ಬುದ್ಧಿಮತ್ತೆ ಎಷ್ಟು ಉದ್ಯೋಗಗಳನ್ನು ನುಂಗುತ್ತದೆ ಎಂಬುದು ನಿರೀಕ್ಷಿತ ಪ್ರಶ್ನೆಯೇ. 2013ರಲ್ಲಿ ಕಾರ್ಲ್ ಫ್ರೇ ಮತ್ತು ಮೈಕೆಲ್ ಆಸ್ಬೋರ್ನ್ ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಾಂತ್ರೀಕರಣದ ದೊಡ್ಡ ಅಪಾಯದಲ್ಲಿವೆ ಎಂದರು. ಮೂರು ವರ್ಷದ ನಂತರ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಗಾಗಿ ನಡೆದ ಅಧ್ಯಯನವೊಂದು, ಒಂದೊಂದು ಉದ್ಯೋಗವನ್ನು ಅದರೊಳಗಿನ ಬಿಡಿ ಕೆಲಸಗಳಾಗಿ ಒಡೆದು ನೋಡಿ, 21 ದೇಶಗಳ ಸರಾಸರಿಯಾಗಿ ಶೇ 9 ಎಂದಿತು. ಲೆಕ್ಕಿಗನ ಕೆಲಸವೆಂದರೆ ಅಂಕಿ ಕೂಡಿಸುವುದಷ್ಟೇ ಅಲ್ಲ. ಗಿರಾಕಿಗೆ ತಿಳಿಹೇಳುವುದು, ಕಾಣೆಯಾದ ರಸೀತಿ ಹುಡುಕಿಸುವುದು, ಸಹಿ ಹಾಕಿ ಹೊಣೆ ಹೊರುವುದೂ ಅದರಲ್ಲಿ ಸೇರಿದೆ. ಇವೆರಡೂ ಚಾಟ್‌ಜಿಪಿಟಿಯಂಥ ಇಂದಿನ ಭಾಷಾ ಮಾದರಿಗಳು ಬರುವುದಕ್ಕೆ ಮೊದಲಿನ ಲೆಕ್ಕಗಳು, ಆದ್ದರಿಂದ ಎರಡೂ ಅಂಕಿಗಳನ್ನು ಇಂದಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಉದ್ಯೋಗದ ಹೆಸರನ್ನು ನೋಡದೆ ಅದರೊಳಗಿನ ಕೆಲಸಗಳನ್ನು ನೋಡಬೇಕೆಂಬ ಎರಡನೆಯ ಅಧ್ಯಯನದ ಕ್ರಮ ಈಗಲೂ ನಿಲ್ಲುತ್ತದೆ.

ಇನ್ನೊಂದು ಪ್ರಶ್ನೆ ಉದ್ಯೋಗ ಮಾರ್ಗದರ್ಶನ ಮಾಡುವವರೊಬ್ಬರದು: ಸಮೀಕ್ಷೆಯ ಅಂಕಿಗಳು ಸಣ್ಣ ಪ್ರದೇಶದ ಮಟ್ಟಕ್ಕೆ ಸಿಗದಿರುವಾಗ ಏನು ಮಾಡಬೇಕು? ಅಂಥ ಕಡೆ ಹತ್ತಿಪ್ಪತ್ತು ಉದ್ಯೋಗದಾತರ ಬಳಿಗೆ ಹೋಗುವುದೇ ದಾರಿ. ಆದರೆ ‘ನಿಮಗೆ ಎಂಥವರು ಬೇಕು?’ ಎಂದು ಕೇಳಬಾರದು. ಆ ಪ್ರಶ್ನೆಗೆ ಆಸೆಗಳ ಪಟ್ಟಿಯೇ ಉತ್ತರವಾಗಿ ಬರುತ್ತದೆ. ಕೊನೆಯದಾಗಿ ಸೇರಿಸಿಕೊಂಡ ಮೂವರ ಬಗ್ಗೆ ಕೇಳಿ. ಅವರು ಎಲ್ಲಿಂದ ಬಂದರು, ಯಾರ ಮೂಲಕ ಬಂದರು, ಅದಕ್ಕೆ ಮೊದಲು ಜಾಗ ಎಷ್ಟು ತಿಂಗಳು ಖಾಲಿಯಿತ್ತು, ಮೊದಲಿದ್ದವರು ಬಿಟ್ಟು ಎಲ್ಲಿಗೆ ಹೋದರು, ಹೊಸಬರಿಗೆ ಅವರಿಗಿಂತ ಹೆಚ್ಚು ಕೊಡಬೇಕಾಯಿತೇ, ಆ ಮೂವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ. ತರಬೇತಿ ಕೇಂದ್ರಕ್ಕೆ ಹೋದಾಗಲೂ ಎಷ್ಟು ಜನರಿಗೆ ಕೆಲಸ ಕೊಡಿಸಿದಿರಿ ಎಂದು ಕೇಳುವ ಬದಲು, ವರ್ಷದ ಹಿಂದೆ ಮುಗಿಸಿದವರಲ್ಲಿ ಎಷ್ಟು ಜನ ಇಂದು ಅದೇ ಕಸುಬಿನಲ್ಲಿದ್ದಾರೆ ಎಂದು ಕೇಳಿ, ಅವರಲ್ಲಿ ನಾಲ್ವರ ಜೊತೆ ನೇರವಾಗಿ ಮಾತಾಡಿಸಲು ಹೇಳಿ.